ಹಪ್ಪಳದೇಟು

ಶಿವಶಂಕರಪ್ಪನವರು ಕೆಲಸದವರಿಗೆ ಕೊಡುತ್ತಿದ್ದ ರಬ್ಬರ್ ಗ್ಲೌಸು ಒಂದು ವಾರ ತಡೆದರೆ ಅದೇ ಹೆಚ್ಚು. ಮೊದಲು ಬೆರಳ ತುದಿ ಹರಿಯುತ್ತಿತ್ತು. ಆಮೇಲೆ ಫಿನಾಯಿಲ್ ಒಳಗಿಳಿದು ಬೆರಳ ಸಂದಿಯ ಚರ್ಮ ಸುಲಿಯುತ್ತಿತ್ತು. ಹೊಸ ಜೊತೆ ಕೇಳಿದರೆ, ಮೊನ್ನೆ ತಾನೇ ಕೊಟ್ಟಿದ್ದೀವಲ್ಲ ಅನ್ನುತ್ತಿದ್ದರು. ಅವರ ಮೊನ್ನೆ ಅಂದರೆ ಯುಗಾದಿಯ ಆಚೆಗಿನ ಮೊನ್ನೆ. ರಂಜಿನಿ ಊಟಕ್ಕೆ ಕೂತು ಅನ್ನಕ್ಕೆ ಸಾರು ಕಲಸಿದರೆ ಖಾರ ಬೆರಳಿಗೆ ಹತ್ತಿ ಕಣ್ಣಲ್ಲಿ ನೀರು ಬರುತ್ತಿತ್ತು. ಸ್ಪೂನಲ್ಲಾದರೂ ತಿನ್ನೇ ಅಂತ ಅವರಮ್ಮ ಅಂದರೆ, ನಾನೇನು ಆಸ್ಪತ್ರೆ ಓನರ್ರಾ ಅನ್ನುತ್ತಿದ್ದಳು.

ಅವಳದು ಭದ್ರಾವತಿ, ನ್ಯೂ ಟೌನ್. ಬೆಳಿಗ್ಗೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದು ಒಂದು ದೊಡ್ಡ ಖಾಸಗಿ ಆಸ್ಪತ್ರೆಯ ವಾರ್ಡು ಗುಡಿಸಿ ಒರೆಸುವುದು ಕೆಲಸ. ಆದರೆ ಅವಳು ಆಸ್ಪತ್ರೆಯವಳಲ್ಲ. ಆಸ್ಪತ್ರೆಗೆ ಆಳು ಒದಗಿಸುವ ಗುತ್ತಿಗೆದಾರ, ಕೆಲಸದವರ ಬಾಯಲ್ಲಿ ಸಾಹುಕಾರರು, ಶಿವಶಂಕರಪ್ಪನವರ ಕಡೆಯವಳು. ಸಂಬಳ ಹೆಚ್ಚಿಸಿ ಅಂತ ಆಸ್ಪತ್ರೆಯವರನ್ನು ಕೇಳಿದರೆ ಗುತ್ತಿಗೆದಾರರನ್ನು ಕೇಳು ಅನ್ನುತ್ತಿದ್ದರು. ಗುತ್ತಿಗೆದಾರರನ್ನು ಕೇಳಿದರೆ ಆಸ್ಪತ್ರೆಯವರು ಕೊಟ್ಟರಲ್ಲವಾ ಅನ್ನುತ್ತಿದ್ದರು. ವರ್ಷ ತುಂಬುವುದರೊಳಗೆ ಎಲ್ಲರನ್ನೂ ಎರಡು ದಿನ ಮನೆಗೆ ಕಳಿಸಿ, ಮತ್ತೆ ಹೊಸ ಕಂಪನಿ ಹೆಸರಲ್ಲಿ ಸೇರಿಸಿಕೊಳ್ಳುವುದು ವಾಡಿಕೆ. ಒಂದು ವರ್ಷ ಶಂಕರ ಸರ್ವಿಸಸ್, ಮರುವರ್ಷ ಶಿವಶಕ್ತಿ ಸರ್ವಿಸಸ್, ಅದರ ಮರುವರ್ಷ ಹೆಂಡತಿ ಜಗದಾಂಬಾ ಅವರ ಹೆಸರು. ಹೀಗಾಗಿ ಮೊದಲು ಸೇರಿದಾಗ ಲಂಗ ದಾವಣಿಯ ಹುಡುಗಿಯಾಗಿದ್ದ ರಂಜಿನಿ, ಅದೇ ವಾರ್ಡನ್ನು ಗುಡಿಸಿ ಗುಡಿಸಿ ಕೂದಲಲ್ಲಿ ಎರಡು ಬಿಳಿ ಎಳೆ ಕಂಡರೂ ಕಾಗದದಲ್ಲಿ ಮಾತ್ರ ಪ್ರತಿವರ್ಷ ಹೊಸಬಳೇ.

ಅವಳಿಗೆ ಸಿಗುತ್ತಿದ್ದ ಒಳ್ಳೆಯ ಗ್ಲೌಸು ಅಂದರೆ ಕರಿಯಣ್ಣನ ಶೆಡ್ಡಿನದು. ಕರಿಯಣ್ಣ ಊರಿನ ಉಕ್ಕಿನ ಕಾರ್ಖಾನೆಯ ಕುಲುಮೆಯಲ್ಲಿ ಬೆಂದು ನಿವೃತ್ತನಾದವನು. ಪ್ರಾಯದಲ್ಲಿ ಬಾಕ್ಸಿಂಗ್ ಕಲಿತಿದ್ದ. ನ್ಯೂ ಟೌನಿನ ಖಾಲಿ ಶೆಡ್ಡೊಂದರಲ್ಲಿ ಮರಳು ತುಂಬಿದ ಗೋಣಿಚೀಲ ನೇತುಹಾಕಿ, ಸಂಜೆ ಹೊತ್ತು ರಂಜಿನಿಯೂ ಸೇರಿ ಬಂದವರಿಗೆಲ್ಲ ಹೇಳಿಕೊಡುತ್ತಿದ್ದ. ಬರುವವರು ಎಂಥವರು? ಲೋಡಿಂಗಿನವರು, ಗ್ಯಾರೇಜಿನವರು, ಗಾರೆ ಕೆಲಸದವರು. ಒಬ್ಬನ ಸೊಂಟ ಹಿಡಿದಿರುತ್ತಿತ್ತು, ಇನ್ನೊಬ್ಬ ಮಧ್ಯಾಹ್ನದಿಂದ ಏನೂ ತಿಂದಿರುತ್ತಿರಲಿಲ್ಲ. ಅಂಥವರನ್ನು ನಿಜವಾಗಿ ಹೊಡೆದರೆ ನಾಳೆ ಕೂಲಿ ಹೋಗುತ್ತದೆ. ನಿನಗೆ ಆಗಲ್ಲ, ಕೂತ್ಕೋ ಅಂದರೆ ಮಾನ ಹೋಗುತ್ತದೆ. ಅದಕ್ಕೇ ಆ ಶೆಡ್ಡಿನಲ್ಲಿ ಒಂದು ಪದ್ಧತಿ ಬೆಳೆದುಬಂದಿತ್ತು. ಎದುರಿನವನಿಗೆ ನೋವಿದೆ ಅಂತ ಗೊತ್ತಾದರೆ ಆಟ ನಿಲ್ಲಿಸುವ ಹಾಗಿಲ್ಲ, ಮುಷ್ಟಿ ಬಿಚ್ಚಿ ಗ್ಲೌಸಿನ ಅಂಗೈ ಕಡೆಯಿಂದ ಬಾರಿಸಬೇಕು. ಪಟಾರ್ ಅಂತ ಶೆಡ್ಡೆಲ್ಲ ಸದ್ದು, ಮೈಗೆ ಮಾತ್ರ ಏನೂ ಇಲ್ಲ. ಅದಕ್ಕೆ ಅವರಿಟ್ಟ ಹೆಸರು ಹಪ್ಪಳದೇಟು. ಸ್ಪರ್ಧೆಯಲ್ಲಿ ಇದು ಫೌಲು, ನಮ್ಮನೆ ಒಳಗೆ ಮಾತ್ರ ನಡೆಯುತ್ತೆ ಅಂತ ಕರಿಯಣ್ಣ ಎಲ್ಲರಿಗೂ ಎಚ್ಚರಿಸಿದ್ದ.

ಈ ಸಲ ಏಪ್ರಿಲಿನಲ್ಲಿ ಆಸ್ಪತ್ರೆಯವರು ಶಿವಶಂಕರಪ್ಪನವರಿಗೆ ಒಂದು ಮಾತು ಹೇಳಿದರು. ಸೂಪರ್‌ವೈಸರ್ ಕೆಲಸಕ್ಕೆ ಒಬ್ಬರನ್ನು ಕಾಯಂ ಮಾಡಿ, ಉಳಿದವರಲ್ಲಿ ಒಂದು ಆಳು ಕಡಿಮೆ ಮಾಡಿ. ಒಬ್ಬರನ್ನು ಹತ್ತಿಸಬೇಕು, ಒಬ್ಬರನ್ನು ಇಳಿಸಬೇಕು. ಇಂಥ ಕೆಲಸವನ್ನು ಬೇರೆಯವರು ಬಾಗಿಲು ಹಾಕಿಕೊಂಡು ಮಾಡುತ್ತಾರೆ. ಶಿವಶಂಕರಪ್ಪನವರು ಹಾಗಲ್ಲ, ಅವರಿಗೆ ಎಲ್ಲದಕ್ಕೂ ಶಾಮಿಯಾನ ಬೇಕು. ತಮ್ಮ ಕೆಲಸದವರಲ್ಲಿ ಇಬ್ಬರು ಹೆಂಗಸರಿಗೆ ಬಾಕ್ಸಿಂಗ್ ಬರುತ್ತದೆ ಅಂತ ಯಾರೋ ಕಿವಿಗೆ ಹಾಕಿದ್ದೇ ತಡ, ಮೇ ಒಂದನೇ ತಾರೀಕು ಕಾರ್ಮಿಕರ ದಿನದ ಪ್ರಯುಕ್ತ ಭಾರಿ ಬಾಕ್ಸಿಂಗ್ ಪಂದ್ಯ ಅಂತ ಫ್ಲೆಕ್ಸ್ ಹಾಕಿಸಿಬಿಟ್ಟರು. ಫ್ಲೆಕ್ಸಿನಲ್ಲಿ ಅವರ ಮುಖ ಎಮ್ಮೆಯಷ್ಟಿತ್ತು. ಹೊಡೆದಾಡುವವರ ಮುಖ ಕೆಳಗೆ ಮೂಲೆಯಲ್ಲಿ, ಕಾಸಿನಗಲ.

ಆ ಇಬ್ಬರಲ್ಲಿ ಒಬ್ಬಳು ರಂಜಿನಿ. ಇನ್ನೊಬ್ಬಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಸೌಂದರ್ಯ, ಶಿವಮೊಗ್ಗದ ದುರ್ಗಿಗುಡಿಯವಳು. ಹೈಸ್ಕೂಲಿನಲ್ಲಿದ್ದಾಗ ಶಿವರಾಮ ಮೇಷ್ಟ್ರು ಅನ್ನುವ ಪಿ.ಟಿ. ಮೇಷ್ಟ್ರ ಹತ್ತಿರ ಕಲಿತಿದ್ದಳಂತೆ. ಕೆಲಸದವರನ್ನೆಲ್ಲ ಆಸ್ಪತ್ರೆಯ ಹಿಂಭಾಗದಲ್ಲಿ ನಿಲ್ಲಿಸಿ ಶಿವಶಂಕರಪ್ಪನವರು ಷರತ್ತು ಹೇಳಿದರು. ಕೊನೆಗೆ ಯಾರು ನಿಂತಿರುತ್ತಾರೋ ಅವರಿಗೆ ಕಾಯಂ. ಬಿದ್ದವರು ಮನೆಯಲ್ಲಿ ಆರಾಮಾಗಿ ರೆಸ್ಟ್ ತಗೊಳ್ಳಲಿ ಅಂತ ನಕ್ಕರು. ನಗಬೇಕಾದವರು ನಕ್ಕರು.

ರಂಜಿನಿಗೆ ಆ ಕೆಲಸ ಬೇಕಿತ್ತು. ಸುಳ್ಳೇಕೆ, ಹಸಿದವರಿಗೆ ಅನ್ನ ಬೇಕಾದ ಹಾಗೆ ಬೇಕಿತ್ತು. ಜ್ವರ ಬಂದರೆ ಸಂಬಳ ಕಡಿಯದ ಒಂದು ದಿನ, ಮುಂದಿನ ವರ್ಷವೂ ಇದೇ ಕೆಲಸ ಇರುತ್ತದೆ ಅನ್ನುವ ಒಂದು ನಿದ್ದೆ. ಅದಕ್ಕಾಗಿ ಸೌಂದರ್ಯಳ ಮೂಗು ಒಡೆಯಲು ಅವಳು ತಯಾರಿದ್ದಳು. ಕರಿಯಣ್ಣ ಮಾತ್ರ ಉರಿದುಬಿದ್ದ. ಕಾರ್ಮಿಕರ ದಿನ ಕಾರ್ಮಿಕರೇ ಕಾರ್ಮಿಕರಿಗೆ ಗುದ್ದುವುದು, ಆ ದೊಡ್ಡ ಮನುಷ್ಯ ಕೂತು ಗೋಡಂಬಿ ತಿನ್ನುವುದು, ನಾಚಿಕೆ ಆಗಲ್ವಾ ನಿನಗೆ ಅಂದ.

“ನಿಮಗೆ ಪಿಂಚಣಿ ಬರುತ್ತೆ ಮಾಮ,” ಅಂದಳು ರಂಜಿನಿ.

ಆದರೂ ಮೇ ಒಂದರಂದು ಕರಿಯಣ್ಣ ಗ್ಲೌಸು ತುಂಬಿದ ತನ್ನ ಹಳೇ ಕ್ಯಾನ್ವಾಸ್ ಚೀಲ ಹೆಗಲಿಗೆ ಹಾಕಿಕೊಂಡು ಅವಳ ಜೊತೆಗೇ ಬಸ್ಸು ಹತ್ತಿದ.

ಪಂದ್ಯ ನಡೆದದ್ದು ವಿದ್ಯಾನಗರದ ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಹೂವಿನ ತೋರಣ ಇನ್ನೂ ಇಳಿಸಿರಲಿಲ್ಲ. ಹಾಲಿನ ನಡುವೆ ಹಗ್ಗ ಕಟ್ಟಿ ರಿಂಗು ಮಾಡಿದ್ದರು. ವೇದಿಕೆಯ ಮೇಲೆ ಗಂಡು ಹೆಣ್ಣು ಕೂರುವ ಕೆಂಪು ಮಖಮಲ್ಲಿನ ಜೋಡಿ ಕುರ್ಚಿ ಹಾಗೇ ಇತ್ತು. ಮದುಮಗನ ಕುರ್ಚಿಯಲ್ಲಿ ರೇಷ್ಮೆ ಪಂಚೆಯುಟ್ಟು ಶಿವಶಂಕರಪ್ಪನವರು ಕೂತರು. ಮದುಮಗಳ ಕುರ್ಚಿಯಲ್ಲಿ ಗೋಡಂಬಿಯ ತಟ್ಟೆ ಕೂತಿತು. ಕೆಲಸದವರೆಲ್ಲ ಬರಲೇಬೇಕು ಅಂತ ಹುಕುಂ ಆಗಿತ್ತಾದ್ದರಿಂದ ಹಾಲು ತುಂಬಿತ್ತು. ಎಡಗಡೆ ಭದ್ರಾವತಿಯಿಂದ ಬರುವವರು, ಬಲಗಡೆ ಶಿವಮೊಗ್ಗದವರು. ಯಾರೂ ಹೇಳದಿದ್ದರೂ ಹಾಗೆ ಬೇರೆಯಾಗಿ ಕೂತಿದ್ದರು. ರೆಫ್ರಿಯಾಗಿ ಶಿವರಾಮ ಮೇಷ್ಟ್ರೇ ಬಂದಿದ್ದರು.

ಗಂಟೆ ಹೊಡೆಯಿತು. ರಂಜಿನಿ ಎರಡು ಸಲ ಸುತ್ತು ಬಂದಳು, ಬಲಗೈ ತೋರಿಸಿ ಎಡಗೈಯಿಂದ ಪಕ್ಕೆಗೆ ಒಂದು ಬಿಟ್ಟಳು. ಅಷ್ಟೇನೂ ಜೋರಾದ ಏಟಲ್ಲ. ಆದರೆ ಸೌಂದರ್ಯಳ ಬಾಯಿಂದ ಬಂದ ಸದ್ದು ಆ ಏಟಿನ ಅಳತೆಯದಾಗಿರಲಿಲ್ಲ. ಮಗುವಿನ ಕೈಗೆ ಬಾಗಿಲು ಸಿಕ್ಕಾಗ ಬರುತ್ತದಲ್ಲ, ಅಂಥ ಸದ್ದು. ಮರುಕ್ಷಣ ಅವಳೇ ಬಂದು ರಂಜಿನಿಯನ್ನು ತಬ್ಬಿ ಹಿಡಿದುಕೊಂಡಳು.

“ಏನಾಗಿದ್ಯೇ ಅಲ್ಲಿ?” ಅಂತ ರಂಜಿನಿ ಕಿವಿಯಲ್ಲಿ ಕೇಳಿದಳು.

“ಏನಿಲ್ಲ. ನೀನು ಹೊಡಿ.”

“ಸುಳ್ಳು ಹೇಳ್ಬೇಡ.”

“ಬಟ್ಟೆ ಗಂಟು ಹೊತ್ಕೊಂಡು ಮೆಟ್ಟಿಲ ಮೇಲೆ ಬಿದ್ದೆ ಕಣೆ, ಹೋದ ವಾರ. ಪಕ್ಕೆಲುಬು ಬಿರುಕು ಬಿಟ್ಟಿದೆ. ಯಾರ ಹತ್ರಾನಾದ್ರೂ ಬಾಯಿ ಬಿಟ್ರೆ ನಾಳೆಯಿಂದ ಬರಬೇಡ ಅಂದಿದಾರೆ ಸಾಹುಕಾರ್ರು. ನಿಲ್ಲಿಸ್ಬೇಡ, ನಿನ್ನ ದಮ್ಮಯ್ಯ. ನಿಲ್ಲಿಸಿದ್ರೆ ಎಲ್ಲರಿಗೂ ಗೊತ್ತಾಗುತ್ತೆ.”

ಮೇಷ್ಟ್ರು ಬಂದು ಇಬ್ಬರನ್ನೂ ಬಿಡಿಸಿದರು. ಆ ರೌಂಡಿನಲ್ಲಿ ಉಳಿದ ಹೊತ್ತನ್ನು ರಂಜಿನಿ ಗಾಳಿಗೆ ಗುದ್ದಿ ಕಳೆದಳು.

ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಾಗ ಕರಿಯಣ್ಣ ನೀರು ಕುಡಿಸಿದ. ಸೌಂದರ್ಯಳ ನೋವು ಅವನಿಗೂ ಕಂಡಿತ್ತು. ರಂಜಿನಿಯ ತಲೆಯಲ್ಲಿ ಗಿರಣಿ ತಿರುಗುತ್ತಿತ್ತು. ಅದೇ ಜಾಗಕ್ಕೆ ಇನ್ನೊಂದೇ ಒಂದು ಕೊಟ್ಟರೆ ಸೌಂದರ್ಯ ಮಲಗುತ್ತಾಳೆ, ಕೆಲಸ ತನಗೆ ಕಾಯಂ. ಆದರೆ ಮುರಿದ ಎಲುಬು ಒಳಗೆ ಎಲ್ಲಿಗೆ ಚುಚ್ಚುತ್ತದೋ ಯಾರಿಗೆ ಗೊತ್ತು. ಆಟ ನಿಲ್ಲಿಸಿದರೆ ಗುಟ್ಟು ಹೊರಗೆ ಬಿದ್ದು ಅವಳ ಕೆಲಸ ಹೋಗುತ್ತದೆ. ತಾನೇ ಬೇಕಂತ ಬಿದ್ದರೆ ತನ್ನದು ಹೋಗುತ್ತದೆ. ಶಿವಶಂಕರಪ್ಪನವರು ಎಂಥ ಅಚ್ಚುಕಟ್ಟಾದ ಬೋನು ಮಾಡಿಸಿದ್ದಾರಲ್ಲ ಅನ್ನಿಸಿ ಅವಳಿಗೆ ಮೈಯೆಲ್ಲ ಉರಿಯಿತು. ಮದುಮಗನ ಕುರ್ಚಿಯಿಂದ ಅವರು, ಏನಮ್ಮ ಕೋಲಾಟ ಆಡ್ತಿದೀರಾ, ಗುದ್ದಿ ಅಂತ ಕೂಗುತ್ತಿದ್ದರು.

ಎರಡನೇ ಗಂಟೆ ಹೊಡೆಯಿತು. ರಂಜಿನಿ ನುಗ್ಗಿ ಹೋಗಿ, ಗ್ಲೌಸಿನೊಳಗೆ ಬೆರಳು ಬಿಚ್ಚಿ, ಸೌಂದರ್ಯಳ ತೋಳಿನ ಮೇಲೆ ಬೀಸಿ ಹೊಡೆದಳು. ಪಟಾರ್. ಸದ್ದು ತಾರಸಿಗೆ ಬಡಿದು ವಾಪಸ್ ಬಂತು. ಮುಂದಿನ ಸಾಲಿನಲ್ಲಿ ಒಂದು ಮಗು ಅತ್ತೇಬಿಟ್ಟಿತು. ಶಿವಶಂಕರಪ್ಪನವರು ಕುರ್ಚಿಯ ತುದಿಗೆ ಬಂದರು. ಸೌಂದರ್ಯ ಕಣ್ಣು ಮುಚ್ಚಿ ನೋವಿಗೆ ಕಾದಳು. ನೋವು ಬರಲಿಲ್ಲ. ಇನ್ನೊಂದು ಪಟಾರ್, ಅದೂ ಅಷ್ಟೇ. ಅವಳಿಗೆ ಅರ್ಥವಾದದ್ದೇ ಸಿಟ್ಟು ಬಂತು. ಮತ್ತೆ ಬಂದು ತಬ್ಬಿಕೊಂಡು, ಇದೇನು ನಾಟಕ, ನನಗೆ ಕನಿಕರ ತೋರಿಸಲು ನೀನ್ಯಾರೇ ಅಂದಳು.

“ಕನಿಕರ ಅಲ್ಲ ಮಾರಾಯ್ತಿ. ನಾವಿಬ್ರೂ ನಿಂತೇ ಇರ್ಬೇಕು, ಅಷ್ಟೇ. ನೀನೂ ಬೆರಳು ಬಿಚ್ಚಿ ಹೊಡಿ.”

ಆಮೇಲೆ ನಡೆದದ್ದು ಶಿವಮೊಗ್ಗ ಕಂಡರಿಯದ ಕಾಳಗ. ಪಟಾರ್, ಪಟಾರ್, ಪಟಪಟಾರ್. ಕಲ್ಯಾಣ ಮಂಟಪ ದೀಪಾವಳಿಯಾಯಿತು. ರಂಜಿನಿ ಒಂದು ಕೊಟ್ಟರೆ ಸೌಂದರ್ಯ ಎರಡು ಕೊಡುತ್ತಿದ್ದಳು. ಏಟು ಬಿದ್ದಾಗಲೆಲ್ಲ ರಂಜಿನಿ ತೂರಾಡಿ ಹಗ್ಗಕ್ಕೆ ಒರಗಿ, ಕಣ್ಣುಗುಡ್ಡೆ ಮೇಲೆ ಮಾಡಿ, ಮತ್ತೆ ಚೇತರಿಸಿಕೊಂಡು ಬರುತ್ತಿದ್ದಳು. ಎಡಗಡೆ ಕೂತಿದ್ದ ಭದ್ರಾವತಿಯವರಿಗೆ ಇದು ಯಾವ ಏಟು ಅಂತ ಮೊದಲ ಸದ್ದಿಗೇ ಗೊತ್ತಾಗಿತ್ತು. ಅವರಲ್ಲಿ ಅರ್ಧ ಜನ ಕರಿಯಣ್ಣನ ಶೆಡ್ಡಿಗೆ ಒಂದಲ್ಲ ಒಂದು ದಿನ ಹೋದವರೇ. ನಗು ತಡೆಯಲು ಟವೆಲ್ಲು ಕಚ್ಚಿಕೊಂಡರು. ಒಬ್ಬ ಮುದುಕಿಯಂತೂ, ಅಯ್ಯೋ ಕೊಂದೇಬಿಟ್ಟಳಲ್ಲಪ್ಪಾ ಅಂತ ಎದೆ ಬಡಿದುಕೊಂಡಳು. ಹಪ್ಪಳದೇಟಿನ ಗುಟ್ಟು ಕಿವಿಯಿಂದ ಕಿವಿಗೆ ಹರಿದು ಬಲಗಡೆಯ ಶಿವಮೊಗ್ಗದವರಿಗೂ ತಲುಪಿತು. ಮೂರನೇ ರೌಂಡಿನ ಹೊತ್ತಿಗೆ ವಿಷಯ ಗೊತ್ತಿಲ್ಲದವರು ಇಡೀ ಹಾಲಿನಲ್ಲಿ ಒಬ್ಬರೇ, ಅವರು ಮದುಮಗನ ಕುರ್ಚಿಯಲ್ಲಿದ್ದರು.

ಶಿವರಾಮ ಮೇಷ್ಟ್ರು ನ್ಯಾಯವಾಗಿ ಇದನ್ನು ತಡೆಯಬೇಕಿತ್ತು. ಅಂಗೈಯಲ್ಲಿ ಹೊಡೆದರೆ ಎಚ್ಚರಿಕೆ ಕೊಡಬೇಕು ಅಂತ ಅವರೇ ಮಕ್ಕಳಿಗೆ ಪಾಠ ಮಾಡಿದವರು. ಆದರೆ ಅವರೂ ಅತಿಥಿ ಶಿಕ್ಷಕರು. ಪ್ರತಿವರ್ಷ ಬೇಸಿಗೆ ರಜೆ ಬಂದಾಗ ಅವರ ಕೆಲಸವೂ ಸಂಬಳವೂ ರಜೆ ಹೋಗುತ್ತವೆ. ಹತ್ತಿರ ಬಂದು ಬಗ್ಗಿ ಗ್ಲೌಸು ನೋಡಿದರು, ಸೌಂದರ್ಯಳ ಪಕ್ಕೆ ಹಿಡಿದ ಮೊಣಕೈ ನೋಡಿದರು, ಆಮೇಲೆ ಗಂಭೀರವಾಗಿ ಮುಖ ಆ ಕಡೆ ತಿರುಗಿಸಿ, ಮುಂದುವರಿಸಿ ಅಂದರು.

ಆದರೆ ಮೂರು ರೌಂಡು ಮುಗಿದರೂ ಯಾರೂ ಬೀಳದಿದ್ದರೆ ಸಾಹುಕಾರರಿಗೆ ಸಮಾಧಾನವಾದೀತೇ? ಒಬ್ಬರು ಬೀಳುವವರೆಗೂ ನಡೆಯಲಿ ಅಂದರು. ನಾಲ್ಕಾಯಿತು, ಐದಾಯಿತು. ಹಪ್ಪಳವೇ ಆದರೂ ಎಷ್ಟು ಅಂತ ಸುಡುವುದು? ಸೌಂದರ್ಯಳ ಉಸಿರು ಗರಗರ ಅನ್ನತೊಡಗಿತು. ತುಟಿ ಬಿಳುಚಿಕೊಂಡಿತು. ಇನ್ನೊಂದು ಸುತ್ತಿಗೆ ಅವಳು ಏಟಿಲ್ಲದೇ ಬೀಳುವುದು ರಂಜಿನಿಗೆ ಕಂಡಿತು. ನಗು ಅಲ್ಲೇ ಸತ್ತಿತು. ಅವಳು ರಿಂಗಿನ ನಡುವೆ ನಿಂತು ವೇದಿಕೆಯ ಕಡೆ ಕೈ ಜೋಡಿಸಿದಳು.

“ಸಾರ್, ನಮಗೆ ಬೀಳಿಸೋ ಏಟು ಬರ್ತಾ ಇಲ್ಲ. ನೀವು ಕಾಲೇಜಲ್ಲಿ ದೊಡ್ಡ ಪೈಲ್ವಾನ್ ಆಗಿದ್ರಂತೆ. ಒಂದ್ಸಲ ಬಂದು ತೋರಿಸ್ಕೊಡಿ.”

ಕಾಲೇಜಿನ ಪೈಲ್ವಾನಿಕೆಯ ಕಥೆಯನ್ನು ಅವರು ಸಂಬಳದ ದಿನ ಎಲ್ಲರಿಗೂ ಹೇಳುತ್ತಿದ್ದರು. ಫೋಟೋದವನು ಕ್ಯಾಮೆರಾ ಎತ್ತಿ ತಯಾರಾದ. ಹಾಲೆಲ್ಲ ಸಾಹುಕಾರರಿಗೆ ಜೈ ಅಂತ ಕೂಗಿತು. ಪಾಪ, ಅಷ್ಟು ಜನ ಜೈ ಅಂದ ಮೇಲೆ ಅವರಾದರೂ ಹೇಗೆ ಕೂತಾರು? ಪಂಚೆ ಎತ್ತಿ ಕಟ್ಟಿ ಹಗ್ಗದೊಳಗೆ ನುಸುಳಿದರು. ಕರಿಯಣ್ಣ ಓಡಿಹೋಗಿ ಸೌಂದರ್ಯಳ ಗ್ಲೌಸು ಬಿಚ್ಚಿ ಅವರ ಕೈಗೆ ಹಾಕಿ, ಅವಳನ್ನು ಮೂಲೆಯ ಕಂಬಕ್ಕೆ ಒರಗಿಸಿ ನಿಲ್ಲಿಸಿದ.

ಶಿವಶಂಕರಪ್ಪನವರು ನಾಲ್ಕು ಸಲ ಬೀಸಿದರು. ನಾಲ್ಕೂ ಸಲ ರಂಜಿನಿ ಅಲ್ಲಿರಲಿಲ್ಲ. ಉಬ್ಬಸ ಬಂದು ನಿಂತು, ಈಗ ನೀನು ಹೊಡಿ ನೋಡೋಣ, ತಡೆಯೋದು ಹೇಗೆ ಅಂತ ತೋರಿಸ್ತೀನಿ ಅಂದರು.

ಹಾಲಿನವರೆಲ್ಲ ಕತ್ತು ಚಾಚಿದರು. ಸಂಬಳ ಕೊಡುವವರ ಕೆನ್ನೆ ಅದು. ರಂಜಿನಿಯ ಮುಷ್ಟಿ ಗಟ್ಟಿಯಾಗಿಯೇ ಮುಚ್ಚಿತ್ತು. ಈ ಮುಷ್ಟಿಯಿಂದ ಒಂದೇ ಒಂದು ಕೊಟ್ಟರೆ ಹಲ್ಲು ಹೂವಿನ ತೋರಣಕ್ಕೆ ಹಾರುತ್ತಿತ್ತು. ಆದರೆ ಎದುರಿಗೆ ನಿಂತವನು ಏದುಸಿರು ಬಿಡುತ್ತಿದ್ದ ಅರವತ್ತರ ಮನುಷ್ಯ, ಕೈ ಎತ್ತಲೂ ಬರದವನು. ಶೆಡ್ಡಿನ ಪದ್ಧತಿ ಅವನಿಗೂ ಒಂದೇ. ಅವಳು ಬೆರಳು ಬಿಚ್ಚಿದಳು.

ಪಟಾರ್.

ಆ ಸದ್ದನ್ನು ಅಷ್ಟು ಹೊತ್ತೂ ದೂರದಿಂದ ಕೇಳಿ ಖುಷಿಪಟ್ಟಿದ್ದ ಶಿವಶಂಕರಪ್ಪನವರು ಈಗ ಕಿವಿಯ ಪಕ್ಕದಲ್ಲಿ ಕೇಳಿದರು. ತನಗೆ ಭಯಂಕರ ಏಟು ಬಿದ್ದಿದೆ ಅಂತ ಅವರ ಕಿವಿ ಹೇಳಿತು. ಮಂಡಿ ಕಿವಿಯ ಮಾತು ನಂಬಿತು. ಮೊದಲು ಕೂತರು, ಆಮೇಲೆ ಸಾವಕಾಶವಾಗಿ ಅಂಗಾತ ಮಲಗಿದರು. ಕೆನ್ನೆ ಕೆಂಪು ಕೂಡ ಆಗಿರಲಿಲ್ಲ.

ಶಿವರಾಮ ಮೇಷ್ಟ್ರು ಕರ್ತವ್ಯ ಬಿಡುವವರಲ್ಲ. ಮಂಡಿಯೂರಿ ಕೂತು ಬೆರಳು ಎತ್ತಿ ಎಣಿಸತೊಡಗಿದರು. ಒಂದು ಅಂದಾಗ ಅವರದೊಂದೇ ಗಂಟಲು. ಎರಡಕ್ಕೆ ಬಟ್ಟೆ ಒಗೆಯುವ ಹೆಂಗಸರು ಸೇರಿದರು. ಐದರ ಹೊತ್ತಿಗೆ ಎಡಗಡೆಯವರು ಬಲಗಡೆಯವರು ಅನ್ನದೆ ಎಲ್ಲ ಎದ್ದು ನಿಂತಿದ್ದರು. ಹತ್ತು ಅಂದದ್ದು ರಸ್ತೆಯ ಆಚೆಯ ಟೀ ಅಂಗಡಿಗೂ ಕೇಳಿತಂತೆ. ಯಾವತ್ತೂ ಸಾಹುಕಾರರ ಎದುರು ಕೆಮ್ಮಲೂ ಹೆದರುತ್ತಿದ್ದವರು ಬಾಯಿ ತುಂಬ ಎಣಿಸಿದರು, ಅದು ಅವರಿಗೆ ತುಂಬ ಹಿಡಿಸಿತು.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಗೇಟಿನಲ್ಲಿ ಇಬ್ಬರನ್ನೂ ತಡೆದರು. ಒಳಗೆ ಬಿಡಬಾರದು ಅಂತ ಫೋನ್ ಬಂದಿದೆ ಅಂತ ಗೇಟಿನವನು ನೆಲ ನೋಡಿಕೊಂಡು ಹೇಳಿದ. ಕೊನೆಗೆ ಇಬ್ಬರೂ ನಿಂತಿದ್ದೆವಲ್ಲ ಅಂತ ಸೌಂದರ್ಯ ಅವನ ಹತ್ತಿರ ವಾದ ಮಾಡಿದಳು. ಉಸಿರು ಸಾಲದೆ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಳು. ರಂಜಿನಿಯೂ ಕೂತಳು. ಬೆಳಗಿನ ಪಾಳಿಗೆ ಬಂದವರು ಏನಾಯಿತು ಅಂತ ಕೇಳಿದರು, ಕೇಳಿ ಒಳಗೆ ಹೋಗಬೇಕಾದವರು ಬುತ್ತಿ ಪಕ್ಕಕ್ಕಿಟ್ಟು ಕೂತರು. ಯಾರೂ ಮೀಟಿಂಗ್ ಮಾಡಿರಲಿಲ್ಲ. ಕರಿಯಣ್ಣ ಸುದ್ದಿ ತಿಳಿದು ಅದೇ ಚೀಲ ಹೆಗಲಿಗೇರಿಸಿಕೊಂಡು ಭದ್ರಾವತಿಯಿಂದ ಬಂದ. ಮಧ್ಯಾಹ್ನದ ಹೊತ್ತಿಗೆ ಒಳಗೆ ಕಸದ ಬುಟ್ಟಿಗಳು ತುಂಬಿ ಚೆಲ್ಲಿದವು, ಹಾಸಿಗೆಗೆ ಹಾಸಲು ಒಗೆದ ಬಟ್ಟೆ ಇರಲಿಲ್ಲ, ದೊಡ್ಡ ಡಾಕ್ಟರೊಬ್ಬರು ಮೂಗಿಗೆ ಕರ್ಚೀಫು ಹಿಡಿದು ಹೊರಗೆ ಬಂದು ನಿಂತರು.

ಶಿವಶಂಕರಪ್ಪನವರನ್ನು ಇದಕ್ಕಿಂತ ಹೆಚ್ಚು ಕೊರೆದದ್ದು ಬೇರೆ. ಅವರು ಮಲಗಿದ ವಿಡಿಯೋ ಮೊಬೈಲಿಂದ ಮೊಬೈಲಿಗೆ ಹಾರಿ, ಹಪ್ಪಳದ ಕಥೆ ಸಮೇತ ಊರಿಗೆಲ್ಲ ತಲುಪಿತ್ತು. ಆ ಬೆಳಿಗ್ಗೆ ವಿದ್ಯಾನಗರದಲ್ಲಿ ವಾಕಿಂಗ್ ಹೋದರೆ ಎದುರಿಗೆ ಸಿಕ್ಕವರೆಲ್ಲ ಅವರ ಕೆನ್ನೆ ನೋಡಿದ್ದರು. ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿ ಜಗದಾಂಬಾ ಅವರು ಏನೂ ತಿಳಿಯದವರ ಹಾಗೆ ಎಲೆಗೆ ಹಪ್ಪಳ ಬಡಿಸಿದರಂತೆ.

ಶಿವಶಂಕರಪ್ಪನವರು ಊಟ ಅರ್ಧಕ್ಕೆ ಬಿಟ್ಟು ಆಸ್ಪತ್ರೆಯ ಗೇಟಿಗೆ ಕಾರಿನಲ್ಲಿ ಬಂದಿಳಿದರು. ರಂಜಿನಿಯನ್ನು ಒಬ್ಬಳನ್ನೇ ಪಕ್ಕಕ್ಕೆ ಕರೆದರು. ಅವಳು ಕೂತಲ್ಲಿಂದ ಏಳಲಿಲ್ಲ. ಆಗ ಎಲ್ಲರ ಎದುರೇ ಹೇಳಬೇಕಾಯಿತು. ಇಬ್ಬರೂ ಕೆಲಸಕ್ಕೆ ಬನ್ನಿ, ಕಾಯಂ ವಿಷಯ ಆಮೇಲೆ ನೋಡೋಣ, ಆದರೆ ಮೊಬೈಲ್ ಮುಂದೆ ಒಂದು ಮಾತು ಹೇಳು ಅಂದರು.

“ಏನಂತ ಸಾರ್?”

“ನಿಜವಾಗೂ ಬಲವಾಗಿ ಹೊಡೆದೆ, ಯಾರಾಗಿದ್ರೂ ಬೀಳ್ತಿದ್ರು ಅಂತ.”

ರಂಜಿನಿ ಸುಲಿದ ಬೆರಳು ಸೆರಗಿಗೆ ಒರೆಸಿಕೊಂಡಳು.

“ಹೇಳ್ತೀನಿ. ಅದಕ್ಕೂ ಮುಂಚೆ ನೀವು ಹೇಳಿ ಸಾರ್. ಸೌಂದರ್ಯಳ ಪಕ್ಕೆಲುಬು ಡ್ಯೂಟಿ ಮೇಲೆ ಮುರೀತು, ಬಾಯಿ ಮುಚ್ಕೊಂಡಿರು ಅಂತ ನಾನೇ ಹೆದರಿಸಿದೆ, ಔಷಧಿ ಖರ್ಚು ನಂದು ಅಂತ.”

ಕಟ್ಟೆಯ ಮೇಲಿದ್ದವರೆಲ್ಲ ಸೌಂದರ್ಯಳ ಕಡೆ ತಿರುಗಿದರು. ಅವರಲ್ಲಿ ಬಹಳ ಜನಕ್ಕೆ ಇದು ಆಗಷ್ಟೇ ಗೊತ್ತಾದದ್ದು. ಅವಳ ಪಕ್ಕದಲ್ಲಿ ಬಟ್ಟೆ ಹಿಂಡುತ್ತಿದ್ದ ಹೆಂಗಸು ಅವಳ ಸೊಂಟದ ಸುತ್ತ ಕೈ ಹಾಕಲು ಹೋಗಿ, ನೋಯುತ್ತದೆ ಅಂತ ನೆನಪಾಗಿ ಹೆಗಲು ಹಿಡಿದಳು. ಶಿವಶಂಕರಪ್ಪನವರ ಜೇಬಿನಲ್ಲಿ ಆಸ್ಪತ್ರೆಯವರ ಫೋನು ಬಡಿದುಕೊಳ್ಳುತ್ತಲೇ ಇತ್ತು. ಗೇಟಿನೊಳಗಿಂದ ಬರುವ ವಾಸನೆ ಅವರ ಮೂಗಿಗೂ ಬಂತು. ಕೊನೆಗೆ ಹೇಳಿದರು. ತೊದಲುತ್ತ, ನುಂಗುತ್ತ, ಮೂರನ್ನೂ ಹೇಳಿದರು. ಎಷ್ಟು ಕೈಗಳಿದ್ದವೋ ಅಷ್ಟು ಮೊಬೈಲುಗಳು ಅದನ್ನು ಹಿಡಿದುಕೊಂಡವು. ಸೌಂದರ್ಯ ಸದ್ದಿಲ್ಲದೆ ಅತ್ತಳು.

“ಈಗ ನಿಂದು,” ಅಂದರು ಶಿವಶಂಕರಪ್ಪನವರು.

ರಂಜಿನಿ ಎದ್ದು ನಿಂತಳು. “ಮಾತು ಕೊಟ್ಟಿದೀನಿ ಸಾರ್, ಹೇಳೇ ಹೇಳ್ತೀನಿ. ಆದ್ರೆ ನೀವು ನಿಜ ಹೇಳಿದ ಮೇಲೆ ನಾನು ಸುಳ್ಳು ಹೇಳಿದ್ರೆ ಚೆನ್ನಾಗಿರಲ್ಲ. ಕರಿಯಣ್ಣ ಮಾಮ, ಗ್ಲೌಸ್ ಕೊಡಿ. ಬಲವಾಗಿ ಒಂದೇ ಒಂದು ಹೊಡೆದು, ಆಮೇಲೆ ಹೇಳ್ತೀನಿ.”

ಕರಿಯಣ್ಣ ಚೀಲದ ಬಾಯಿ ಬಿಚ್ಚಿದ. ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು, ಯಾರೂ ಹೇಳದೆ, ನಾಲ್ಕು ಕಡೆಯಿಂದ ರಿಂಗಿನ ಹಾಗೆ ಚೌಕವಾಗಿ ನಿಂತರು. ನಗಿಸಬೇಡಿ, ನೋಯುತ್ತೆ ಅಂತ ಸೌಂದರ್ಯ ಪಕ್ಕೆ ಹಿಡಿದುಕೊಂಡು ಬೇಡಿದಳು. ಶಿವಶಂಕರಪ್ಪನವರು ಕೆನ್ನೆ ಮುಚ್ಚಿಕೊಂಡು ಹಿಂದಕ್ಕೆ ಸರಿಯುತ್ತ, ಗಾಡಿ ತೆಗಿಯೋ ಅಂತ ಡ್ರೈವರನ್ನು ಕೂಗಿದರು. ಕಾರಿನ ಬಾಗಿಲು ತೆರೆದೇ ಇತ್ತು, ಸೀಟು ಖಾಲಿಯಿತ್ತು. ಡ್ರೈವರ್ ಆಗಲೇ ಇಳಿದು ಬಂದು ಚೌಕದ ನಾಲ್ಕನೇ ಮೂಲೆಯಲ್ಲಿ ನಿಂತಿದ್ದ.